ನೀರು ನೋಡಿ ಗಾಳ ಹಾಕುವುದು: ಹಳ್ಳದಿಂದ ಅಳಿವೆಯವರೆಗೆ

ಗಾಳ ಹಾಕುವ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ಮೊದಲು ಕೇಳುವುದು ಯಾವ ಕೋಲು ಕೊಳ್ಳಬೇಕು, ಯಾವ ರೀಲು ಒಳ್ಳೆಯದು ಎಂದು. ಹೊಳೆಯ ದಂಡೆಯಲ್ಲೇ ಬೆಳೆದ ಹುಡುಗರು ಇದನ್ನು ಕೇಳುವುದಿಲ್ಲ. ವಾಟೆಯ ಒಂದು ಕೋಲು, ಎರಡು ಮಾರು ತಂಗೂಸಿ ದಾರ, ಒಂದು ಗಾಳ, ಕರಟದ ತುಂಬ ಎರೆಹುಳು ಇಷ್ಟನ್ನು ಹಿಡಿದು ಹೋಗಿ ಸಂಜೆಯ ಸಾರಿಗಾಗುವಷ್ಟು ಮೀನು ತರುತ್ತಾರೆ. ಅದೇ ದಂಡೆಯಲ್ಲಿ ಹತ್ತು ಸಾವಿರ ರೂಪಾಯಿಯ ಸಲಕರಣೆ ಹರವಿಕೊಂಡು ಕುಳಿತವರು ಬರಿಗೈಯಲ್ಲಿ ಏಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕೆಲವು ಸಲ ಹಾಗೆ ಎದ್ದವನು ನಾನೇ. ಆ ಹುಡುಗರಿಗೆ ತಿಳಿದಿರುವುದು ಒಂದೇ, ಮೀನು ಎಲ್ಲಿ ನಿಲ್ಲುತ್ತದೆ ಎಂಬುದು. ಮಲೆನಾಡಿನ ಹಳ್ಳ, ಬಯಲಿಗಿಳಿದ ಹೊಳೆ, ಕರಾವಳಿಯ ಅಳಿವೆ ಮತ್ತು ದಂಡೆ, ಈ ಮೂರು ಬಗೆಯ ನೀರಿನಲ್ಲಿ ಅದನ್ನು ಕಂಡುಕೊಳ್ಳುವ ಕ್ರಮವನ್ನೂ ಆಯಾ ನೀರಿಗೆ ತಕ್ಕ ಗಾಳ ಹಾಕುವ ವಿಧಾನವನ್ನೂ ಇಲ್ಲಿ ವಿವರಿಸಿದ್ದೇನೆ.

ಮೊದಲ ಕಾಲು ಗಂಟೆ

ನೀರಿನ ಬಳಿಗೆ ಹೋದ ಕೂಡಲೇ ಚೀಲ ಬಿಚ್ಚಬೇಡಿ. ದಂಡೆಯಿಂದ ನಾಲ್ಕು ಹೆಜ್ಜೆ ಹಿಂದೆಯೇ ಕುಳಿತು ಕಾಲು ಗಂಟೆ ಸುಮ್ಮನೆ ನೋಡಿ. ಹರಿವ ನೀರಿನ ಮೀನು ಸದಾ ಸೆಳವಿಗೆ ಎದುರಾಗಿ ತಲೆಯಿಟ್ಟು ನಿಲ್ಲುತ್ತದೆ, ಆದರೆ ಸೆಳವಿನ ನಟ್ಟನಡುವೆ ಈಜುತ್ತ ದಣಿಯುವಷ್ಟು ದಡ್ಡತನ ಅದಕ್ಕಿಲ್ಲ. ನಿಧಾನದ ನೀರಿನಲ್ಲಿ ನಿಂತುಕೊಂಡು, ಪಕ್ಕದ ವೇಗದ ನೀರು ಹೊತ್ತು ತರುವ ಹುಳ, ಹಣ್ಣು, ಮರಿಗಳನ್ನು ಒಂದೇ ಜಿಗಿತಕ್ಕೆ ಹಿಡಿದು ಮತ್ತೆ ತನ್ನ ಜಾಗಕ್ಕೆ ಮರಳುವುದು ಅದರ ಕ್ರಮ. ಆದ್ದರಿಂದ ಹುಡುಕಬೇಕಾದುದು ವೇಗದ ನೀರು ಮತ್ತು ನಿಧಾನದ ನೀರು ಸೇರುವ ಅಂಚನ್ನು. ಬಂಡೆಯ ಹಿಂಬದಿ, ಬಿದ್ದ ಮರದ ಮಗ್ಗುಲು, ಮಡುವಿಗೆ ನೀರು ಧುಮುಕುವ ಬಾಯಿ, ಉಪನದಿ ಬಂದು ಸೇರುವ ಕೂಡಲು, ಇವೆಲ್ಲ ಅಂಥ ಅಂಚುಗಳೇ.

ಈ ಅಂಚು ಕಣ್ಣಿಗೆ ಕಾಣದಿದ್ದಾಗ ನೊರೆಯನ್ನು ನೋಡಿ. ಮೇಲ್ಗಡೆಯ ಜಲಪಾತದಲ್ಲೋ ಕಲ್ಲುಗಳ ನಡುವೆಯೋ ಎದ್ದ ನೊರೆ ಒಂದು ಗೆರೆಯಾಗಿ ತೇಲುತ್ತ ಬಂದು, ಎಲ್ಲೋ ಒಂದೆಡೆ ನಿಧಾನಿಸಿ, ಸುಳಿಯೊಳಗೆ ಸುತ್ತತೊಡಗುತ್ತದೆ. ನೊರೆ ಹೋಗುವ ದಾರಿಯಲ್ಲೇ ಮೀನಿನ ಆಹಾರವೂ ಹೋಗುತ್ತದೆ. ಅದು ನಿಧಾನಿಸುವ ಜಾಗವೇ ಮೊದಲ ಗಾಳ ಬೀಳಬೇಕಾದ ಜಾಗ. ತಿರುವಿನಲ್ಲಿ ಹೊರಗಿನ ದಂಡೆ ಕೊರೆದು ಆಳವಾಗಿರುತ್ತದೆ, ಒಳಗಿನ ದಂಡೆಯಲ್ಲಿ ಮರಳು ಕೂತು ತೆಳುವಾಗಿರುತ್ತದೆ. ಹಗಲಿನಲ್ಲಿ ದೊಡ್ಡ ಮೀನು ಹೊರದಂಡೆಯ ಬೇರುಗಳ ಕೆಳಗಿದ್ದು, ಮುಸ್ಸಂಜೆಗೆ ಒಳದಂಡೆಯ ತೆಳುನೀರಿಗೆ ಮೇಯಲು ಬರುತ್ತದೆ. ಅತ್ತಿಯ ಮರ ನೀರಿನ ಮೇಲೆ ಬಾಗಿದ್ದು ಹಣ್ಣು ಉದುರುತ್ತಿದ್ದರೆ ಬೇರೆ ಜಾಗ ಹುಡುಕುವ ಅಗತ್ಯವೇ ಇಲ್ಲ.

ಗಾಳ, ದಾರ, ಗಂಟು

ಸಲಕರಣೆಯ ಮಾತನ್ನು ಬೇಗ ಮುಗಿಸುತ್ತೇನೆ. ಗಾಳದ ಅಂಕಿ ಹೆಚ್ಚಿದಷ್ಟೂ ಗಾಳ ಚಿಕ್ಕದು: 14 ಎಂಬುದು ಅಕ್ಕಿಕಾಳಿನಷ್ಟು ಬಾಯಿಯ ಮೀನಿಗೆ, 6 ಎಂಬುದು ಗೆಂಡೆಗೆ. 1 ದಾಟಿದ ಮೇಲೆ 1/0, 2/0 ಎಂದು ಗಾತ್ರ ಮತ್ತೆ ಏರುತ್ತದೆ. ಹೊಸಬರು ಮಾಡುವ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ, ಅವರು ದೊಡ್ಡ ಗಾಳವನ್ನೇ ಕಟ್ಟುತ್ತಾರೆ. ಚಿಕ್ಕ ಗಾಳದಲ್ಲಿ ದೊಡ್ಡ ಮೀನು ಬೀಳುತ್ತದೆ, ದೊಡ್ಡ ಗಾಳದಲ್ಲಿ ಚಿಕ್ಕ ಮೀನು ಬೀಳುವುದಿಲ್ಲ. ದಾರ ಹಳ್ಳಕ್ಕೆ 0.18 ಮಿಲಿಮೀಟರ್, ಹೊಳೆಗೆ 0.28, ಕಡಲ ದಂಡೆಗೆ 0.35ರಿಂದ 0.40 ಸಾಕು. ಕೋಲು ಹೊಳೆಗೆ ಏಳೆಂಟು ಅಡಿ, ಅಲೆ ದಾಟಿಸಿ ಎಸೆಯಬೇಕಾದ ಕಡಲ ದಂಡೆಗೆ ಹತ್ತರಿಂದ ಹನ್ನೆರಡು ಅಡಿ. ಹಳ್ಳಕ್ಕೆ ವಾಟೆಯ ಕೋಲಿಗಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ಗಂಟಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲದು, ಏಕೆಂದರೆ ತಪ್ಪಿಸಿಕೊಂಡ ದೊಡ್ಡ ಮೀನುಗಳಲ್ಲಿ ಬಹುಪಾಲು ತಪ್ಪಿಸಿಕೊಳ್ಳುವುದು ಇಲ್ಲಿಯೇ. ಕಿವಿಯಿರುವ, ಎಂದರೆ ದಾರ ಪೋಣಿಸಲು ತಲೆಯಲ್ಲಿ ತೂತಿರುವ ಗಾಳಕ್ಕೆ ಹೀಗೆ ಕಟ್ಟಿ: ದಾರದ ತುದಿಯನ್ನು ಕಿವಿಯೊಳಗೆ ತೂರಿಸಿ ಒಂದು ಗೇಣು ಹೊರಗೆಳೆಯಿರಿ, ಆ ತುದಿಯನ್ನು ಮೂಲದಾರಕ್ಕೆ ಐದಾರು ಸುತ್ತು ಸುತ್ತಿ, ಈಗ ಕಿವಿಯ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಕಾಣುತ್ತದೆ, ತುದಿಯನ್ನು ಅದರೊಳಗೆ ಹಾಯಿಸಿ, ಹಾಗೆ ಹಾಯಿಸಿದಾಗ ಉಂಟಾದ ದೊಡ್ಡ ಕುಣಿಕೆಯೊಳಗೂ ಒಮ್ಮೆ ಹಾಯಿಸಿ. ಎಳೆದು ಬಿಗಿಯುವ ಮೊದಲು ಬಾಯಲ್ಲಿಟ್ಟು ಉಗುಳಿನಿಂದ ನೆನೆಸಲೇಬೇಕು. ಒಣ ನೈಲಾನನ್ನು ಬಿಗಿದರೆ ಉಜ್ಜಾಟದ ಬಿಸಿಗೆ ದಾರ ಅಲ್ಲಿಯೇ ಬಲ ಕಳೆದುಕೊಳ್ಳುತ್ತದೆ. ಇಂಥ ಕಡೆ ತುಂಡಾದ ದಾರದ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರೆ ಸುಟ್ಟ ಕೂದಲಿನಂತೆ ಸುರುಟಿಕೊಂಡಿರುವುದು ಕಾಣುತ್ತದೆ. ಕಿವಿಯಿಲ್ಲದೆ ತಲೆ ಚಪ್ಪಟೆಯಾಗಿರುವ ಗಾಳವಾದರೆ ದಾರವನ್ನು ಗಾಳದ ಕಡ್ಡಿಯ ಉದ್ದಕ್ಕೂ ಮಡಚಿಟ್ಟು, ತುದಿಯಿಂದ ಏಳೆಂಟು ಸುತ್ತು ಒತ್ತಾಗಿ ಸುತ್ತಿ, ತುದಿಯನ್ನು ಮಡಿಕೆಯ ಕುಣಿಕೆಯೊಳಗೆ ಹಾಯಿಸಿ ಬಿಗಿಯಬೇಕು. ಮೂಲದಾರ ಗಾಳದ ಮೊನೆಯಿರುವ ಬದಿಯಿಂದಲೇ ಹೊರಡುವಂತೆ ನೋಡಿಕೊಳ್ಳಿ. ಇಲ್ಲವಾದರೆ ಎಳೆದಾಗ ಮೊನೆ ಮೀನಿನ ತುಟಿಗೆ ತಾಗದೆ ಜಾರುತ್ತದೆ.

ಹಳ್ಳದಲ್ಲಿ

ಪಶ್ಚಿಮ ಘಟ್ಟದ ಹಳ್ಳಗಳ ನೀರು ಗಾಜಿನಂತೆ ತಿಳಿ. ನೀವು ಮೀನನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ಮೀನು ಮೇಲ್ಗಡೆಗೆ ಮುಖ ಮಾಡಿ ನಿಂತಿರುವುದರಿಂದ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹತ್ತಿಕೊಂಡು ಬನ್ನಿ. ನೆರಳು ನೀರಿನ ಮೇಲೆ ಬೀಳದಂತೆ ಸೂರ್ಯನ ದಿಕ್ಕನ್ನು ಗಮನಿಸಿ. ಕಲ್ಲುಗಳ ಮೇಲೆ ಧಪಧಪನೆ ನಡೆಯಬೇಡಿ, ನೆಲದ ಅದುರು ನೀರಿಗೆ ದಾಟುತ್ತದೆ.

ಎರೆಹುಳುವನ್ನು ಬಚ್ಚಲ ನೀರು ಹರಿಯುವ ಬಾಳೆಯ ಬುಡದಲ್ಲಿ ಅಗೆದು, ಅದೇ ಮಣ್ಣಿನ ಜೊತೆ ಕರಟದಲ್ಲಿಟ್ಟು ನೆರಳಿನಲ್ಲಿ ಒಯ್ಯಿರಿ. ಇಡೀ ಹುಳುವನ್ನು ಪೋಣಿಸುವ ಬದಲು ಒಂದಂಗುಲದ ತುಂಡು ಸಾಕು, ತುದಿ ತುಸು ಜೋತು ಅಲುಗುತ್ತಿರಲಿ. ಮಿಡತೆ ಸಿಗುವ ಕಾಲದಲ್ಲಿ ಅದೇ ಮೇಲು. ನೀರಿನ ಮೇಲೆ ತೇಲುತ್ತ ಮೀನು ಕಚ್ಚಿದ್ದನ್ನು ತೋರಿಸುವ ಬೆಂಡಿಗೆ ಜೋಳದ ದಂಟಿನ ತಿರುಳಿನ ಒಂದು ತುಂಡು ಸಾಕು, ದಾರವನ್ನು ಮುಳುಗಿಸುವ ಸೀಸದ ತೂಕ ಬೇಡವೇ ಬೇಡ. ಎರೆಯನ್ನು, ಎಂದರೆ ಗಾಳಕ್ಕೆ ಸಿಕ್ಕಿಸಿದ ಆಹಾರವನ್ನು, ಮೇಲ್ಗಡೆಗೆ ಹಾಕಿ, ನೊರೆಯ ಗೆರೆಯೊಡನೆ ತಾನಾಗಿ ತೇಲಿ ಬರಲು ಬಿಡಬೇಕು. ಸುತ್ತಲಿನ ಎಲೆಚೂರಿಗಿಂತ ನಿಮ್ಮ ಬೆಂಡು ವೇಗವಾಗಿಯೋ ನಿಧಾನವಾಗಿಯೋ ಸಾಗುತ್ತಿದ್ದರೆ ದಾರ ಎಲ್ಲೋ ಎಳೆಯುತ್ತಿದೆಯೆಂದು ಅರ್ಥ, ಹಾಗೆ ಸಾಗುವ ಎರೆಯನ್ನು ಮೀನು ಮುಟ್ಟುವುದಿಲ್ಲ.

ಹಳ್ಳದ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಮುಂಗಾರಿನ ಮೊದಲ ಜೋರು ಮಳೆಗೆ ಮೊಟ್ಟೆ ತುಂಬಿದ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ತೋಡಿಗೆ ಏರುತ್ತವೆ. ಮಲೆನಾಡಿನಲ್ಲಿ ಇದನ್ನು ಹತ್ತುಮೀನು ಎನ್ನುತ್ತಾರೆ, ಆ ರಾತ್ರಿಗಳಲ್ಲಿ ಟಾರ್ಚು, ಕತ್ತಿ, ಬುಟ್ಟಿ ಹಿಡಿದು ಹೊರಡುವುದು ಹಲವರ ಮನೆಯಲ್ಲಿ ಹಬ್ಬವೇ ಸರಿ. ಹವ್ಯಾಸಕ್ಕೆ ಗಾಳ ಹಾಕುವವರು ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಹಳ್ಳಕ್ಕೆ ಹೋಗದಿರುವುದೇ ಸರಿಯೆಂಬುದು ನನ್ನ ಅಭಿಪ್ರಾಯ. ಆ ಒಂದು ಮೀನಿನ ಹೊಟ್ಟೆಯಲ್ಲಿ ಮುಂದಿನ ವರ್ಷದ ಸಾವಿರಾರು ಮೀನುಗಳಿರುತ್ತವೆ.

ಹೊಳೆಯಲ್ಲಿ: ಹಿಟ್ಟಿನ ಗಾಳ ಮತ್ತು ಕಪ್ಪೆಯ ಗಾಳ

ಬಯಲಿಗೆ ಬಂದ ಹೊಳೆಯಲ್ಲಿ, ಕೆರೆ ಮತ್ತು ಹಿನ್ನೀರಿನಲ್ಲಿ ಕಾಟ್ಲಾ, ರೋಹು, ಗೆಂಡೆಗಳಿಗೆ ಹಿಟ್ಟಿನ ಉಂಡೆಯೇ ಎರೆ. ಕಾವೇರಿಯ ದಂಡೆಯಲ್ಲಿ ಬಹುಕಾಲದಿಂದ ನಡೆದು ಬಂದ ರಾಗಿ ಉಂಡೆಯ ಪಾಕ ಇಂದಿಗೂ ಕೆಲಸ ಮಾಡುತ್ತದೆ. ರಾಗಿ ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ನಿಂಬೆ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು, ಬೆಂದು ಮೇಲೆ ಬಂದ ಮೇಲೆ ತೆಗೆದು ಆರಿಸಿ ಮತ್ತೆ ಚೆನ್ನಾಗಿ ನಾದಬೇಕು. ಈ ಎರಡನೆಯ ನಾದುವಿಕೆಯಿಂದ ಉಂಡೆಗೆ ರಬ್ಬರಿನಂಥ ಜಿಗುಟು ಬರುತ್ತದೆ, ಸೆಳವಿನಲ್ಲಿ ಬಿಚ್ಚಿಕೊಳ್ಳುವುದಿಲ್ಲ, ಸಣ್ಣ ಮೀನುಗಳು ಕುಕ್ಕಿ ಉದುರಿಸಲಾರವು. ವಾಸನೆಗೆ ತುಸು ಕಡಲೆಹಿಂಡಿ ಸೇರಿಸಬಹುದು. ಮೀನನ್ನು ಜಾಗಕ್ಕೆ ಕರೆಯಲು ತೌಡು ಮತ್ತು ನೆನೆಸಿದ ಹಿಂಡಿಯನ್ನು ಕಲಸಿ ಮುಷ್ಟಿಯಷ್ಟನ್ನು ಅರ್ಧ ಗಂಟೆಗೊಮ್ಮೆ ಅದೇ ಜಾಗಕ್ಕೆ ಎಸೆಯಿರಿ, ಆದರೆ ಹೊಟ್ಟೆ ತುಂಬಿಸಬೇಡಿ. ಉಂಡ ಮೀನು ಗಾಳವನ್ನು ಕಚ್ಚುವುದಿಲ್ಲ.

ನಿಂತ ನೀರಿನಲ್ಲಿ ಬೆಂಡಿನ ಗಾಳ ಒಳ್ಳೆಯದು. ಗಾಳಕ್ಕೆ ಸೀಸದ ತುಂಡೊಂದನ್ನು ಸಿಕ್ಕಿಸಿ ನೀರಿಗೆ ಬಿಟ್ಟು, ಬೆಂಡು ಮುಳುಗಿದರೆ ಮೇಲಕ್ಕೆ ಸರಿಸುತ್ತ, ಅಡ್ಡ ಮಲಗಿದರೆ ಕೆಳಕ್ಕೆ ಸರಿಸುತ್ತ ಮೊದಲು ಆಳವನ್ನು ಅಳೆದುಕೊಳ್ಳಿ. ಎರೆ ತಳಕ್ಕಿಂತ ಎರಡಂಗುಲ ಮೇಲಿರಲಿ. ಕಾಟ್ಲಾ ಮಾತ್ರ ಬಾಯಿ ಮೇಲ್ಮುಖವಾಗಿರುವ ಮೀನು, ತಳಕ್ಕಿಂತ ನಡುನೀರಿನಲ್ಲಿ, ಮೇಲುನೀರಿನಲ್ಲಿ ಮೇಯುತ್ತದೆ. ಹರಿವಿದ್ದಲ್ಲಿ ಸೀಸದ ಗುಂಡಿನ ತೂತಿನೊಳಗೆ ದಾರ ಸರಾಗವಾಗಿ ಓಡುವಂತೆ ಪೋಣಿಸಿ, ಗಾಳದಿಂದ ಒಂದೂವರೆ ಅಡಿ ಮೇಲೆ ಅದನ್ನು ತಡೆಯಲು ಒಂದು ಮಣಿ ಕಟ್ಟಿ. ಮೀನು ಎರೆಯನ್ನು ಒಯ್ಯುವಾಗ ಸೀಸದ ಭಾರ ಅದಕ್ಕೆ ತಿಳಿಯಬಾರದು, ಅದೇ ಇದರ ಗುಟ್ಟು. ರೀಲಿನ ಡ್ರ್ಯಾಗ್, ಎಂದರೆ ದಾರ ಎಷ್ಟು ಬಿಗಿಯಾಗಿ ಬಿಚ್ಚಿಕೊಳ್ಳಬೇಕೆಂದು ಹೊಂದಿಸುವ ತಿರುಪು, ಕೈಯಲ್ಲಿ ಬಲವಾಗಿ ಎಳೆದರೆ ದಾರ ಬಿಟ್ಟುಕೊಡುವಷ್ಟು ಸಡಿಲವಿರಲಿ.

ಕೊರವನ ಗಾಳ ಬೇರೆಯೇ ವಿದ್ಯೆ, ನನಗೆ ಹೆಚ್ಚು ಪ್ರಿಯವಾದುದೂ ಅದೇ. ಕೊರವ ನೀರಿನ ಮೇಲೆ ಬಂದು ಗಾಳಿಯನ್ನು ಗುಟುಕರಿಸುವ ಮೀನು. ತಾವರೆ ಎಲೆ, ಅಂತರಗಂಗೆ, ಜೊಂಡು ತುಂಬಿದ ನಿಂತ ನೀರಿನಲ್ಲಿ ಆಗಾಗ ಒಂದು ಗುಳ್ಳೆಯ ಸದ್ದು ಕೇಳಿ ಎಲೆ ಅಲುಗಿದರೆ ಅದು ಅಲ್ಲಿದೆ ಎಂದು ತಿಳಿಯಿರಿ. ರಬ್ಬರಿನ ಕಪ್ಪೆಯನ್ನು, ಎರಡೂ ಗಾಳದ ಮೊನೆ ಅದರ ಬೆನ್ನಿಗೆ ಒತ್ತಿಕೊಂಡಿರುವಂಥದನ್ನು, ಎಲೆಗಳಾಚೆಗೆ ಎಸೆದು ಎಲೆಗಳ ಮೇಲಿನಿಂದ ನಿಜವಾದ ಕಪ್ಪೆ ಕುಪ್ಪಳಿಸುವಂತೆ ನಿಲ್ಲಿಸಿ ನಿಲ್ಲಿಸಿ ಎಳೆದು ತರಬೇಕು. ತೆರಪು ಸಿಕ್ಕಲ್ಲಿ ಮೂರೆಣಿಸುವಷ್ಟು ಹೊತ್ತು ನಿಲ್ಲಿಸಿ. ನೀರು ಸಿಡಿದು ಕಪ್ಪೆ ಮಾಯವಾದಾಗ ಕೈ ತಾನಾಗಿಯೇ ಎಳೆಯುತ್ತದೆ, ಎಳೆಯಲೇಬಾರದು. ಮೊದಲ ಸಲ ನಾನು ಎಳೆದ ರಭಸಕ್ಕೆ ಕಪ್ಪೆ ನೇರ ನನ್ನ ಎದೆಗೆ ಬಂದು ಬಡಿದಿತ್ತು, ಪಕ್ಕದಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜ ‘ಉಣ್ಣಾಕ ಬಿಡಪ್ಪಾ, ತಟ್ಟೆ ಕಸ್ಕೋಬ್ಯಾಡ’ ಎಂದು ನಕ್ಕಿದ್ದ. ದಾರ ಓಡತೊಡಗಿ ಬಿಗಿಯಾದ ಮೇಲೆ ಕೋಲನ್ನು ಮೇಲಕ್ಕೆತ್ತಿ ಬಲವಾಗಿ ಎಳೆದು, ಮೀನು ಜೊಂಡಿಗೆ ನುಗ್ಗುವ ಮೊದಲೇ ನಿಲ್ಲಿಸದೆ ಸುತ್ತಿಕೊಳ್ಳಿ. ಇದಕ್ಕೆ ತೆಳು ನೈಲಾನ್ ಸಾಲದು, ಹೆಣೆದ ದಾರ ಬೇಕು. ನೀರಿನ ಮೇಲೆ ಕೆಂಪು ಮರಿಗಳ ಗುಂಪೊಂದು ಉಂಡೆಯಾಗಿ ತಿರುಗುತ್ತಿರುವುದು ಕಂಡರೆ ಅದರ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಅಲ್ಲಿಗೆ ಕಪ್ಪೆ ಎಸೆದರೆ ಖಂಡಿತ ಕಚ್ಚುತ್ತವೆ, ಆದರೆ ಅದು ಹಸಿವಿನಿಂದಲ್ಲ, ಮರಿಗಳನ್ನು ಕಾಯುವ ಸಿಟ್ಟಿನಿಂದ. ಅಂಥ ಜಾಗವನ್ನು ಬಿಟ್ಟು ಮುಂದಕ್ಕೆ ಹೋಗಿ. ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳು ಒಂದು ಗಂಟೆಯಲ್ಲಿ ಮುಗಿಸುತ್ತವೆ.

ಎಲ್ಲಿ ಹಾಕಬಾರದು

1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡ್ ತೂಕದ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಎಂಬ ಹೊಳೆಮೀನನ್ನು ಹಿಡಿದದ್ದನ್ನು ಗಾಳದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಕಾವೇರಿ ಸೀಮೆಯ ಬೆನ್ನುಬ್ಬಿದ ಆ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಲಾಯಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಹಿಂದೆ ಗಾಳದವರ ಶಿಬಿರಗಳು ನಡೆಯುತ್ತಿದ್ದವು, ಕಾವೇರಿ ವನ್ಯಧಾಮದ ಆ ನೀರಿನಲ್ಲಿ ಈಗ ಗಾಳ ಹಾಕುವಂತಿಲ್ಲ. ಶೃಂಗೇರಿ, ಶಿಶಿಲ, ರಾಮನಾಥಪುರದಂಥ ಕಡೆ ದೇವರ ಮೀನುಗಳಿಗೆ ಜನರೇ ಕಾವಲು. ಉಳಿದ ಕೆರೆ, ಜಲಾಶಯ, ನದಿಪಾತ್ರಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುವುದುಂಟು. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡು, ಗುತ್ತಿಗೆದಾರರ ಅನುಮತಿ ಪಡೆದೇ ಕೂರಬೇಕು. ಸಿಡಿಮದ್ದು ಹಾಕುವುದು, ವಿಷ ಬೆರೆಸುವುದು 1897ರ ಕಾಯ್ದೆಯಿಂದಲೇ ಅಪರಾಧ.

ಅಳಿವೆಯಲ್ಲಿ ಮತ್ತು ಕಡಲ ದಂಡೆಯಲ್ಲಿ

ಅಘನಾಶಿನಿ, ಶರಾವತಿ, ಗಂಗಾವಳಿ, ಕಾಳಿ, ಸ್ವರ್ಣಾ, ನೇತ್ರಾವತಿಗಳು ಕಡಲನ್ನು ಸೇರುವ ಅಳಿವೆಗಳಲ್ಲಿ ಹೊಳೆಯ ಮೇಲೆ ಹೇಳಿದ ನಿಯಮವೇ ನಡೆಯುತ್ತದೆ, ಆದರೆ ಅಲ್ಲಿನ ಸೆಳವು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಭರತಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ತುಸು ಹೆಚ್ಚು ಅಂತರ. ಇಂದು ಬೆಳಗಿನ ಆರಕ್ಕೆ ಭರತ ತುಂಬಿದರೆ ನಾಳೆ ಆರೂ ಐವತ್ತರ ಸುಮಾರಿಗೆ ತುಂಬುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ನೀರು ಹೆಚ್ಚು ಏರಿ ಹೆಚ್ಚು ಇಳಿದು ಸೆಳವು ಬಲವಾಗಿರುತ್ತದೆ. ಅಷ್ಟಮಿಯ ಆಚೀಚೆ ಮಂದ. ಮೇಳದಷ್ಟು ಜನ ಭಾನುವಾರ ಹತ್ತು ಗಂಟೆಗೆ ಬಂದು ಕೂರುತ್ತಾರೆ, ಆದರೆ ಮೀನಿಗೆ ಭಾನುವಾರ ತಿಳಿಯದು. ಭರತ ಇಳಿತದ ಪಟ್ಟಿ ನೋಡಿಕೊಂಡೇ ಮನೆ ಬಿಡಬೇಕು.

ನನ್ನ ಅನುಭವದಲ್ಲಿ ಅತ್ಯುತ್ತಮ ಹೊತ್ತು ನೀರು ಇಳಿಯತೊಡಗಿದ ಮೊದಲ ಎರಡು ಗಂಟೆ. ಭರತದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬೇರುಗಳೊಳಗೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳೊಳಗೆ ಹೊಕ್ಕಿದ್ದ ಸಿಗಡಿ, ಮರಿಮೀನುಗಳು ಇಳಿತದ ನೀರಿನೊಡನೆ ಸಣ್ಣ ಕಾಲುವೆಗಳ ಮೂಲಕ ಹೊರಬರಲೇಬೇಕು. ಕುರುಡಿ ಮತ್ತು ಕೆಂಬೇರಿ ಮೀನುಗಳು ಆ ಕಾಲುವೆಯ ಬಾಯಲ್ಲಿ, ಕಲ್ಲಿನ ಮರೆಯಲ್ಲಿ ಕಾದಿರುತ್ತವೆ. ಜೀವಂತ ಸಿಗಡಿಯನ್ನು ಬಾಲದ ಕಡೆಯಿಂದ ಎರಡನೆಯ ಗೆಣ್ಣಿಗೆ ಸಿಕ್ಕಿಸಿ, 2/0 ಗಾಳದಲ್ಲಿ, ಸೀಸ ಆದಷ್ಟು ಕಡಿಮೆ ಮಾಡಿ ಆ ಬಾಯಿಗೆ ತೇಲಿಬಿಡಿ. ಕುರುಡಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ ಹರಿತವಾದುದರಿಂದ ಗಾಳದ ಮೇಲಿನ ಎರಡಡಿಗೆ ದಪ್ಪ ನೈಲಾನ್ ಬೇಕು. ಮೀನನ್ನು ಎತ್ತುವಾಗಲೂ ಬೆರಳನ್ನು ಕಿವಿರಿನೊಳಗೆ ತೂರಿಸಬೇಡಿ.

ಮರಳಿನ ದಂಡೆಯಲ್ಲಿ ಅಲೆ ಒಡೆಯುವ ಎರಡು ಬಿಳಿ ಸಾಲುಗಳ ನಡುವೆ ಕಡುಬಣ್ಣದ ನೀರಿನ ಪಟ್ಟಿಯೊಂದು ಕಾಣುತ್ತದೆ; ಅದು ಆಳ, ಮೀನು ಓಡಾಡುವ ದಾರಿ. ಅಲ್ಲಿಗೆ 60ರಿಂದ 90 ಗ್ರಾಂ ಸೀಸ ಕಟ್ಟಿ ಬೂತಾಯಿಯ ತುಂಡನ್ನೋ ಬಂಗುಡೆಯ ಹೊಟ್ಟೆಯ ಭಾಗವನ್ನೋ ಎಸೆಯಬಹುದು. ಆದರೆ ಕಾಣೆ ಬೇಕೆನ್ನುವವರು ಇಷ್ಟು ದೂರ ಎಸೆಯಬೇಕಾಗಿಲ್ಲ. ಅದು ಮರಳಿನ ತಳದಲ್ಲಿ, ಮೊಣಕಾಲುದ್ದದ ನೀರಿನವರೆಗೂ ಬಂದು ಮೇಯುತ್ತದೆ, ಬೆದರಿದರೆ ಮರಳಿನಲ್ಲಿ ಹೂತುಕೊಳ್ಳುತ್ತದೆ. 10ರ ಗಾಳ, ಬೆರಳುಗುರಿನಷ್ಟು ಸಿಗಡಿ ತುಂಡು, ಸಣ್ಣ ಸೀಸ. ಎಸೆದು ತಳ ಮುಟ್ಟಿದ ಮೇಲೆ ಮರಳಿನ ಮೇಲೆ ಎಳೆಎಳೆಯಾಗಿ ಎಳೆಯುತ್ತ ಬನ್ನಿ. ಕಾಣೆಯ ಕಚ್ಚು ಎರಡು ಸಣ್ಣ ಟಕಟಕ, ಅಷ್ಟೇ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಹಿಡಿಯದವರಿಗೆ ಅದು ತಿಳಿಯುವುದೇ ಇಲ್ಲ.

ಮುಂಗಾರಿನಲ್ಲಿ ಕಡಲ ದಂಡೆಗೆ ಹೋಗಬಾರದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧ ದಂಡೆಯ ಗಾಳಕ್ಕೆ ಸಂಬಂಧಿಸಿದ್ದಲ್ಲವಾದರೂ, ಆ ಅಲೆಗೆ ಎದುರು ನಿಲ್ಲುವುದರಲ್ಲಿ ಅರ್ಥವಿಲ್ಲ. ಉಳಿದ ಕಾಲದಲ್ಲೂ ಪಾಚಿ ಕಟ್ಟಿದ ಕರಿಬಂಡೆಯ ಮೇಲೆ ನಿಲ್ಲಬೇಡಿ: ಬಂಡೆ ಒದ್ದೆಯಾಗಿದ್ದರೆ ಅಲ್ಲಿಯವರೆಗೆ ಅಲೆ ಬಂದಿತ್ತು, ಮತ್ತೆ ಬರುತ್ತದೆ. ನೀರಿಗಿಳಿದು ನಡೆಯುವಾಗ ಹೆಜ್ಜೆ ಎತ್ತಿಡದೆ ಪಾದ ಎಳೆದು ಸರಿಯಿರಿ, ಮರಳಿನಲ್ಲಿ ಮಲಗಿದ ತೊರಕೆ ಮೀನು (ಸ್ಟಿಂಗ್‌ರೇ) ಸದ್ದಿಗೆ ತಾನೇ ಜಾಗ ಬಿಡುತ್ತದೆ. ಅದರ ಬಾಲದ ಮುಳ್ಳಾಗಲಿ, ಹೊಳೆಯ ಚೇಳುಮೀನಿನ ಮುಳ್ಳಾಗಲಿ ಚುಚ್ಚಿದರೆ, ಚರ್ಮ ಸುಡದಂತೆ ತಾಳಿಕೊಳ್ಳಬಹುದಾದಷ್ಟು ಬಿಸಿನೀರಿನಲ್ಲಿ ಗಾಯವನ್ನು ಅದ್ದಿ ನೋವು ತಗ್ಗಿಸಿಕೊಂಡು ವೈದ್ಯರ ಬಳಿ ಹೋಗಬೇಕು. ಅಣೆಕಟ್ಟೆಯ ಕೆಳಗಿನ ಹೊಳೆಯಲ್ಲಿ, ಗೇರುಸೊಪ್ಪೆಯ ಕೆಳಗಾಗಲಿ ಕದ್ರಾದ ಕೆಳಗಾಗಲಿ, ಮಳೆಯಿಲ್ಲದ ದಿನವೂ ನೀರು ಏರಬಹುದು. ಅಂಥಲ್ಲಿ ಕೂರುವ ಮೊದಲು ನೀರಿನಂಚಿಗೆ ಒಂದು ಬಿಳಿಕಲ್ಲನ್ನು ಇಟ್ಟುಕೊಳ್ಳುತ್ತೇನೆ. ಕಲ್ಲು ಒದ್ದೆಯಾದ ಕ್ಷಣವೇ ಚೀಲ ಕಟ್ಟುತ್ತೇನೆ.

ಹಿಡಿದ ಮೇಲೆ

ಬಿಡುವ ಮೀನನ್ನು ಒಣ ಕೈಯಲ್ಲಿ ಮುಟ್ಟಬೇಡಿ, ಕಾದ ಬಂಡೆಯ ಮೇಲೆ ಇಡಬೇಡಿ, ಅದರ ಮೈಯ ಲೋಳೆಯೇ ಅದಕ್ಕೆ ರಕ್ಷೆ. ಮೊದಲೇ ಇಕ್ಕಳದಿಂದ ಗಾಳದ ಹಿಮ್ಮುಳ್ಳನ್ನು, ಎಂದರೆ ಮೊನೆಯ ಬಳಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು, ಒತ್ತಿಟ್ಟಿದ್ದರೆ ನೀರಿನಲ್ಲಿದ್ದಂತೆಯೇ ಬಿಡಿಸಬಹುದು. ದಣಿದ ಮೀನನ್ನು ಸೆಳವಿಗೆ ತಲೆ ಮಾಡಿ ಎರಡೂ ಕೈಯಲ್ಲಿ ಸಡಿಲವಾಗಿ ಹಿಡಿದಿರಿ. ಕಿವಿರು ಸಮವಾಗಿ ಆಡತೊಡಗಿದ ಮೇಲೆ ಅದು ತಾನೇ ಬಾಲ ಬೀಸಿ ಹೊರಡುತ್ತದೆ.

ತಿನ್ನುವ ಮೀನನ್ನು ಒದ್ದಾಡಿ ಸಾಯಲು ಬಿಡದೆ ತಲೆಗೆ ಒಂದು ಪೆಟ್ಟು ಕೊಟ್ಟು, ಕಿವಿರು ಕೊಯ್ದು ರಕ್ತ ಹರಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಿ; ನಮ್ಮ ಸೆಕೆಗೆ ಎರಡು ಗಂಟೆ ಚೀಲದಲ್ಲಿದ್ದ ಮೀನಿನ ರುಚಿ ಹೋಗಿಬಿಡುತ್ತದೆ. ಮುಟ್ಟಿದರೆ ಚೆಂಡಿನಂತೆ ಉಬ್ಬುವ ಕಡಲ ಮೀನು ವಿಷದ್ದು, ಅದನ್ನು ಅಡುಗೆಗೆ ಒಯ್ಯಲೇಬೇಡಿ. ಉಪ್ಪುನೀರಿನಿಂದ ಬಂದ ದಿನ ರೀಲನ್ನೂ ಕೋಲಿನ ಉಂಗುರಗಳನ್ನೂ ಸಿಹಿನೀರಿನ ಸಣ್ಣ ಧಾರೆಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಡ್ರ್ಯಾಗನ್ನು ಪೂರಾ ಸಡಿಲಿಸಿ ಇಡಬೇಕು. ಗಾಳದ ಮೇಲಿನ ಎರಡಡಿ ದಾರವನ್ನು ಆ ರಾತ್ರಿಯೇ ಕತ್ತರಿಸಿ ಎಸೆದು ಹೊಸ ಗಂಟು ಹಾಕಿಡಿ. ಕತ್ತರಿಸಿದ ತುಂಡು ಹೊಳೆಗಲ್ಲ, ಮನೆಯ ಕಸದ ಬುಟ್ಟಿಗೆ.